ಆ ಇನ್ನೊಬ್ಬ ಹುಡುಗನ ಹೆಸರೇನು?

ನಿನ್ನೆ ರಾತ್ರಿ ಮನೇಲಿ ಎಲ್ಲರೂ ಕೂತು 'ದ ಬಾಯ್ ಇನ್ ದ ಸ್ಟ್ರೈಪ್ಡ್ ಪೈಜಾಮಾಸ್' ಸಿನಿಮಾ ನೋಡಿದ್ವಿ. ಮುಗಿಯೋ ಹೊತ್ತಿಗೆ ಅಕ್ಕನ ಮಗಳು ಬಿಕ್ಕಿಬಿಕ್ಕಿ ಅಳ್ತಿದ್ಲು, ಪಾಪ ಬ್ರೂನೋ, ಪಾಪ ಅವರಮ್ಮ ಅಂತ. ತಲೆ ಸವರ್ತಾ ಕೇಳ್ದೆ, ಆ ಇನ್ನೊಬ್ಬ ಹುಡುಗನ ಹೆಸರೇನು ಪುಟ್ಟಾ? ಅವಳಿಗೆ ನೆನಪಿಲ್ಲ. ಜೊತೇಲಿದ್ದ ದೊಡ್ಡೋರಿಗೂ ನೆನಪಿಲ್ಲ.

ಶ್ಮುಯೆಲ್. ಆಗಿನಿಂದ ನಂಗೆ ಸಮಾಧಾನವೇ ಇಲ್ಲ.

ಆ ಸಿನಿಮಾದ ಮೂಲ ಕಾದಂಬರಿಯಲ್ಲಿ ಇಬ್ಬರೂ ಹುಟ್ಟಿದ್ದು ಒಂದೇ ದಿನ, 1934ರ ಏಪ್ರಿಲ್ 15. ಬ್ರೂನೋ ಯಹೂದಿಗಳನ್ನ ಕೂಡಿಹಾಕಿ ಕೊಲ್ತಿದ್ದ ನಾಜಿ ಕ್ಯಾಂಪಿನ ಕಮಾಂಡೆಂಟ್ ಮಗ, ಶ್ಮುಯೆಲ್ ಬೇಲಿ ಆಚೆ ಸೆರೆಯಲ್ಲಿದ್ದ ಯಹೂದಿ. ಕಥೆಯಲ್ಲಿ ಇಬ್ಬರೂ ಬೇಲಿ ಹತ್ರ ದಿನಾ ಕೂತು ಮಾತಾಡ್ತಾರೆ, ನಿಜವಾದ ಕ್ಯಾಂಪಲ್ಲಿ ಅಂಥ ಗೆಳೆತನ ಸಾಧ್ಯವೇ ಇರ್ಲಿಲ್ಲ. ನಾಜಿಗಳ ಆಶ್ವಿಟ್ಜ್ ಕ್ಯಾಂಪಿನ ಬೇಲಿಯಲ್ಲಿ ಕರೆಂಟ್ ಹರೀತಿತ್ತು, ಆ ವಯಸ್ಸಿನ ಯಹೂದಿ ಮಕ್ಕಳಲ್ಲಿ ಹೆಚ್ಚಿನೋರನ್ನ ರೈಲಿಂದ ಇಳಿಸಿದ ಕೂಡಲೇ ಗ್ಯಾಸ್ ಚೇಂಬರಿಗೆ ಕಳಿಸ್ತಿದ್ರು. ಅಲ್ಲಿಗೆ ಸಾಗಿಸಿದ ಮಕ್ಕಳು, ಹದಿಹರೆಯದೋರು ಸೇರಿ ಸುಮಾರು 2,32,000. 1945ರ ಜನವರಿ 27ಕ್ಕೆ ಬಿಡುಗಡೆ ಆದಾಗ ಅಲ್ಲಿ ಉಳಿದಿದ್ದ ಅಂಥ ಮಕ್ಕಳು 700ರಷ್ಟು. ಹೊಲೊಕಾಸ್ಟ್, ಅಂದ್ರೆ ನಾಜಿಗಳು ಮಾಡಿದ ಯಹೂದಿಗಳ ಸಾಮೂಹಿಕ ಕೊಲೆ, ಅದರ ಬಗ್ಗೆ ಕಲಿಯೋರು ಕಲಿಸೋರು ಈ ಪುಸ್ತಕದಿಂದ ದೂರ ಇರ್ಲಿ ಅಂತ ಆಶ್ವಿಟ್ಜ್ ಮ್ಯೂಸಿಯಮ್ಮೇ 2020ರಲ್ಲಿ ಹೇಳ್ತು.

ಕಥೆ ಅಲ್ವಾ, ಮಕ್ಕಳಿಗೆ ವಿಷಯ ಗೊತ್ತಾದ್ರೆ ಸಾಕಲ್ವಾ ಅಂತೀರಿ. ಏನು ಗೊತ್ತಾಯ್ತು ಹೇಳಿ? ಕೊನೇಲಿ ಇಬ್ಬರೂ ಗ್ಯಾಸ್ ಚೇಂಬರಲ್ಲಿ ಕೈ ಹಿಡ್ಕೊಂಡೇ ಸಾಯ್ತಾರೆ, ಆದ್ರೆ ನಾವು ಓಡೋದು ಬ್ರೂನೋನ ಅಮ್ಮನ ಜೊತೆ, ತಪ್ಪಿ ಒಳಗೆ ಹೋದ ಮಗುಗೋಸ್ಕರ. ಅಂದ್ರೆ ಸುತ್ತ ನಿಂತಿದ್ದ ಉಳಿದೋರೆಲ್ಲ ತಪ್ಪಿ ಬಂದೋರಲ್ವಾ, ಅವರ ಜಾಗ ಅದೇನಾ? ಶ್ಮುಯೆಲ್‌ಗೆ ತಿನ್ನೋಕೆ ಕೊಟ್ಟಿದ್ದು ತಾನೇ ಆದ್ರೂ, ಅಧಿಕಾರಿ ಗದರಿದಾಗ ಇವನು ಯಾರೋ ಗೊತ್ತೇ ಇಲ್ಲ ಅಂದುಬಿಡ್ತಾನೆ ಬ್ರೂನೋ. ಏಟು ತಿನ್ನೋದು ಶ್ಮುಯೆಲ್, ಆಮೇಲೆ ಕ್ಷಮಿಸೋದೂ ಶ್ಮುಯೆಲ್ಲೇ. ಆ ಹುಡುಗನಿಗೆ ಒಂದು ದಿನದ ಸಿಟ್ಟನ್ನೂ ಕೊಟ್ಟಿಲ್ಲ ಕಥೆ.

ಇನ್ನೊಂದು ಹೇಳ್ಬೇಕು. ಈ ಪುಸ್ತಕನ ಅವಳ ಅಣ್ಣನ ಬರ್ತ್‌ಡೇಗೆ ಕೊಟ್ಟಿದ್ದು ನಾನೇ. ನಾನೂ ಓದಿ ಅತ್ತಿದ್ದೆ, ಬ್ರೂನೋಗೆ. ನಿನ್ನೆ ಅವಳನ್ನ ಕೇಳಿದೆನಲ್ಲ, ಆಗ ನಂಗೂ ಆ ಹೆಸರು ತಕ್ಷಣ ಬರ್ಲಿಲ್ಲ, ಫೋನಲ್ಲಿ ಹುಡುಕಿದೆ. ಬೆಳಗಿನಿಂದ ಅದೇ ಚುಚ್ತಿದೆ.

ಕೊಡೋದಾದ್ರೆ ಹಾನ್ಸ್ ಪೀಟರ್ ರಿಕ್ಟರ್ ಅವರ 'ಫ್ರೀಡ್ರಿಶ್' ಕೊಡ್ಬೇಕಿತ್ತು, 1961ರ ಜರ್ಮನ್ ಕಾದಂಬರಿ. ಒಂದೇ ಕಟ್ಟಡದ ಎರಡು ಮನೆ, 1925ರಲ್ಲಿ ಒಂದು ವಾರದ ಅಂತರದಲ್ಲಿ ಹುಟ್ಟಿದ ಇಬ್ಬರು ಹುಡುಗ್ರು, ಒಬ್ಬ ಯಹೂದಿ, ಒಬ್ಬ ಅಲ್ಲ. ಅಲ್ಲಿ ಬೇಲಿ ಇಲ್ಲ, ಒಂದೇ ಮೆಟ್ಟಿಲು ಹತ್ತಿ ಇಳಿಯೋರು. ಕೆಲಸ ಸಿಗ್ಲಿ ಅಂತ ಜರ್ಮನ್ ಹುಡುಗನ ಅಪ್ಪ ನಾಜಿ ಪಾರ್ಟಿ ಸೇರ್ತಾನೆ. 1938ರಲ್ಲಿ ಆ ಹುಡುಗನೇ ಗುಂಪಲ್ಲಿ ಸೇರಿ ಯಹೂದಿಗಳ ಹಾಸ್ಟೆಲ್ಲೊಂದನ್ನ ಒಡೆದು ಬರ್ತಾನೆ, ಮನೆಗೆ ಬಂದ್ರೆ ಗೆಳೆಯನ ಮನೇನೂ ಒಡೀತಿದ್ದಾರೆ, ಆಗ ಅಳ್ತಾನೆ. 1942ರಲ್ಲಿ ಬಾಂಬ್ ಬೀಳ್ತಿರೋವಾಗ ನೆಲಮಾಳಿಗೆ ಒಳಗೆ ಬಿಡಿ ಅಂತ ಫ್ರೀಡ್ರಿಶ್ ಬೇಡ್ಕೋತಾನೆ, ಮನೆ ಓನರ್ ಬಿಡಲ್ಲ. ಆ ಗೆಳೆಯ ಒಳಗೇ ಇರ್ತಾನೆ.

ಬೆಳಿಗ್ಗೆ ಅದನ್ನ ಆರ್ಡರ್ ಮಾಡ್ದೆ, ಅವಳ ಜೊತೆ ಕೂತೇ ಓದ್ತೀನಿ. ಅದರಲ್ಲಿ ಯಹೂದಿ ಹುಡುಗನ ಪೂರ್ತಿ ಹೆಸರಿದೆ, ಫ್ರೀಡ್ರಿಶ್ ಶ್ನೈಡರ್. ಕಥೆ ಹೇಳೋ ಜರ್ಮನ್ ಹುಡುಗನಿಗೆ ಕೊನೇವರೆಗೂ ಹೆಸರಿಲ್ಲ.