ಕತ್ತಿಗೆ ಹೆಸರಿಡೋಕೆ ಒಂದು ಮಳೆಗಾಲ ಕಾಯಿರಿ

ಹೋದ ವರ್ಷ ಏಪ್ರಿಲ್‌ನಲ್ಲಿ ನನಗೆ ಅಂತಲೇ ಒಂದು ಕತ್ತಿ ಮಾಡಿಸಿದೆ. ತೋಟದ ಕೆಲಸಕ್ಕೆ ಮನೆಯಲ್ಲಿ ದೊಡ್ಡ ಕತ್ತಿ ಮೂರಿವೆ. ಇದು ಬೇರೆ. ಬೆಟ್ಟ ಹತ್ತುವಾಗ, ಚಾರಣಕ್ಕೆ ಹೋಗುವಾಗ, ಗೆಳೆಯರ ಜೊತೆ ಹೊಳೆ ದಂಡೆಯಲ್ಲಿ ಅಡುಗೆ ಮಾಡುವಾಗ ಸೊಂಟದಲ್ಲಿರಬೇಕಾದ ಚಿಕ್ಕ ಕತ್ತಿ. ಅಲಗು 6 ಇಂಚು, ಬೆನ್ನು 5 ಮಿಲಿಮೀಟರ್ ದಪ್ಪ. ಹಿಡಿಗೆ ಅಜ್ಜನ ಕಾಲದ ಮುರಿದ ಮಂಚದ ಬೀಟೆ ಕಾಲು. ಫೋಟೋ ಹಾಕಿದ ದಿನವೇ ಗೆಳೆಯರೆಲ್ಲ ಕೇಳಿದ್ದು ಒಂದೇ: "ಹೆಸರೇನಿಟ್ಟೆ?"

ಇಟ್ಟಿರಲಿಲ್ಲ. ನಾಲ್ಕು ತಿಂಗಳು ಇಡಲಿಲ್ಲ. ಅದು ಸರಿಯಾಯ್ತು ಅಂತ ಈಗ ಗಟ್ಟಿಯಾಗಿ ಅನಿಸುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಇದಕ್ಕೂ ಮುಂಚೆ ಆನ್‌ಲೈನ್‌ನಲ್ಲಿ ಒಂದು ಚಾಕು ತರಿಸಿದ್ದೆ. ಕಪ್ಪು ಬಣ್ಣ, ಅಲಗಿನ ಮೇಲೆ ಹೆಡೆಯೆತ್ತಿದ ಹಾವು, ಪಕ್ಕದಲ್ಲಿ ಇಷ್ಟು ದಪ್ಪ ಇಂಗ್ಲಿಷ್ ಅಕ್ಷರದಲ್ಲಿ ಭಯಂಕರ ಹೆಸರು. ಎರಡನೇ ಚಾರಣದಲ್ಲಿ ಒಣ ಕಟ್ಟಿಗೆ ಸೀಳುವಾಗ ಹಿಡಿಯ ಹತ್ತಿರ ಪಟ್ಟನೆ ಮುರಿಯಿತು. ಹಿಡಿ ಬಿಚ್ಚಿ ನೋಡಿದರೆ ಒಳಗೆ ಹೋಗಿದ್ದ ಕಬ್ಬಿಣ ಪೆನ್ಸಿಲ್‌ನಷ್ಟು ಸಣ್ಣ. ಹೆಸರಿಗೆ ಪಟ್ಟ ಶ್ರಮದಲ್ಲಿ ಕಾಲು ಭಾಗ ಆ ಬಾಲಕ್ಕೆ ಹಾಕಿದ್ದರೆ ಇನ್ನೂ ಹತ್ತು ವರ್ಷ ಬರುತ್ತಿತ್ತು. ಆವತ್ತೇ ನಿರ್ಧಾರ ಮಾಡಿದೆ. ಮುಂದಿನ ಕತ್ತಿ ನಮ್ಮ ಕುಲುಮೆಯಲ್ಲೇ ಆಗಬೇಕು.

ನಮ್ಮ ಕಡೆ ಕತ್ತಿಗೆ ಜೀಪಿನ ಕಮಾನು ಪಟ್ಟಿಯೇ ಬೇಕು. ಹಳೇ ಪಟ್ಟಿ ಹುಡುಕಿ ಒಯ್ದು ಕೊಟ್ಟೆ. ಕುಲುಮೆಯ ಆಚಾರ್ರು ಅದನ್ನು ಕಲ್ಲಿಗೆ ತಟ್ಟಿ, ಸದ್ದು ಕೇಳಿ, "ಆಗ್ತದೆ ಮಾರಾಯ್ರೆ" ಅಂದರು. ಎರಡು ದಿನ ಅಲ್ಲೇ ಕೂತಿದ್ದೆ. ಬಡಿದು ಆಕಾರಕ್ಕೆ ತಂದು, ಕೆಂಪಗೆ ಕಾಯಿಸಿ, ಎಣ್ಣೆಯಲ್ಲಿ ಅದ್ದಿದರು. ನನ್ನ ಕಣ್ಣಿಗೆ ಕತ್ತಿ ಮುಗಿದಿತ್ತು. ಅವರು ಮಾತ್ರ ಅಲಗಿನ ಒಂದು ಮೈಯನ್ನು ಕಲ್ಲಿನಿಂದ ಉಜ್ಜಿ ಬೆಳ್ಳಗೆ ಮಾಡಿ, ಮತ್ತೆ ಕೆಂಡದ ಪಕ್ಕ ಹಿಡಿದು ಕೂತರು. ಈ ಸಲ ತಿದಿ ಒತ್ತಲಿಲ್ಲ. ಮಾತೂ ಇಲ್ಲ. ಬೆನ್ನಿನ ಕಡೆಯಿಂದ ಬಣ್ಣ ಹರಿದು ಬರೋಕೆ ಶುರುವಾಯ್ತು. ಮೊದಲು ಒಣಹುಲ್ಲಿನ ಬಣ್ಣ, ಹಿಂದೆಯೇ ಜೇನಿನ ಬಣ್ಣ, ಅದರ ಹಿಂದೆ ನೇರಳೆ, ನೀಲಿ. ಬಾಯಿಯ ಅಂಚಿಗೆ ಜೇನಿನ ಬಣ್ಣ ಮುಟ್ಟಿದ್ದೇ ತಡ, ಕತ್ತಿಯನ್ನು ನೀರಿಗೆ ಹಾಕಿದರು. ಬಾಯಿ ಗಟ್ಟಿ ಉಳಿಯಬೇಕು, ಬೆನ್ನು ಬಳುಕಬೇಕು. ಅದೇ ಹದ. ಒಂದು ನಿಮಿಷ ತಡವಾಗಿದ್ದರೆ ನೀಲಿ ಬಾಯಿಗೇ ಬಂದು ಕತ್ತಿ ಮೆತ್ತಗಾಗುತ್ತಿತ್ತು.

ಇಷ್ಟು ನೋಡಿದ ಮೇಲೆ ಗೆಳೆಯರ ಗುಂಪಿನಲ್ಲಿ ಬಂದ ಹೆಸರುಗಳು ಯಾವುವೂ ನನಗೆ ಹಿಡಿಸಲಿಲ್ಲ. ರುಧಿರ, ಕಾಳಭೈರವ, ಚಂಡಿ, ಹುಲಿಯುಗುರು, ಬೇಟೆ. ಒಬ್ಬ ಚಂದ್ರಹಾಸ ಅಂದ. ಅದು ರಾವಣನ ಖಡ್ಗದ ಹೆಸರು. ಕೇಳೋಕೆ ಚೆಂದವೇ. ಆದರೆ ಚಂದ್ರಹಾಸದಲ್ಲಿ ಸೌತೆಕಾಯಿ ಹೆಚ್ಚೋದು ಹೇಗೆ? ನನ್ನ ಕತ್ತಿ ದಿನಾ ಮಾಡೋದು ಅದನ್ನೇ. ಸೌತೆಕಾಯಿ ಹೆಚ್ಚುತ್ತದೆ, ಬಿದಿರು ಸೀಳುತ್ತದೆ, ಹಗ್ಗ ಕೊಯ್ಯುತ್ತದೆ, ಗೂಟ ಚೂಪು ಮಾಡುತ್ತದೆ.

ದೇವರ ಹೆಸರೂ ಬೇಡ ಅನಿಸಿತು. ಈ ಕತ್ತಿ ಕೆಸರಲ್ಲಿ ಬೀಳುತ್ತದೆ, ಕಾಲಿಗೆ ಸಿಗುತ್ತದೆ, ಮೀನು ಹೆಚ್ಚುತ್ತದೆ. ಅದರ ಮೈಮೇಲೆ ಅಮ್ಮನವರ ಹೆಸರು ಬರೆದು ಹಾಗೆಲ್ಲ ಬಳಸೋಕೆ ನನಗೆ ಮನಸ್ಸು ಬರುವುದಿಲ್ಲ. ಬೇಟೆ, ಹುಲಿಯುಗುರು ಅನ್ನೋವಂತೂ ಖಂಡಿತ ಬೇಡ. 1972ರಿಂದ ವನ್ಯಜೀವಿ ಕಾಯ್ದೆ ಇದೆ. 2023ರಲ್ಲಿ ಹುಲಿಯುಗುರಿನ ಪದಕ ಹಾಕಿಕೊಂಡವರ ಮನೆ ಮನೆಗೆ ಅರಣ್ಯ ಇಲಾಖೆ ಬಂದಿದ್ದು ಎಲ್ಲರಿಗೂ ನೆನಪಿದೆ. ಕಾಡಿನ ಮೇಲೆ ಪ್ರೀತಿ ಇರುವವನ ಸೊಂಟದಲ್ಲಿ ಕೊಲ್ಲುವ ಹೆಸರು ಯಾಕಿರಬೇಕು?

ನಮ್ಮಲ್ಲಿ ಕತ್ತಿಗಳಿಗೆ ಹೆಸರಿಲ್ಲ ಅಂತಲ್ಲ. ಬೇಕಾದಷ್ಟಿವೆ. ಸೊಪ್ಪಿನ ಕತ್ತಿ, ಹುಲ್ಲುಗತ್ತಿ, ಕಾಲಲ್ಲಿ ಮೆಟ್ಟಿ ತರಕಾರಿ ಹೆಚ್ಚುವ ಮೆಟ್ಟುಗತ್ತಿ. ಎಲ್ಲ ಕೆಲಸದಿಂದ ಬಂದ ಹೆಸರುಗಳು. ಕೊಡಗಿನವರಿಗೆ ಸೊಂಟದ ಮುಂದೆ ಪೀಚೆಕತ್ತಿ, ಬೆನ್ನಿನ ಹಿಂದೆ ಒಡಿಕತ್ತಿ. ಮದುವೆಯಲ್ಲಿ ಬಾಳೆಕಂಬ ಕಡಿಯುವುದು ಆ ಅಗಲದ ಕತ್ತಿಯಿಂದಲೇ. ಅವರ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್ ದಿನ ಕೋವಿ, ಕತ್ತಿ ಎಲ್ಲ ಸಾಲಾಗಿಟ್ಟು ತೋಕ್ ಪೂ ಮುಡಿಸುತ್ತಾರೆ. ನಾವು ಗೌರಿ ಹೂ ಅನ್ನುತ್ತೇವಲ್ಲ, ಅದೇ ಕೆಂಪು ಹಳದಿ ಹೂ. ಕತ್ತಿಯನ್ನು ಅಷ್ಟು ಗೌರವದಿಂದ ಕಾಣುವ ಜನ ಅದನ್ನು ಸಿಂಹ, ಸರ್ಪ ಅಂತ ಕರೆದು ಹೆದರಿಸೋಕೆ ಹೋಗಲಿಲ್ಲ.

ಹೊರದೇಶದ ಒಳ್ಳೆಯ ಚಾಕುಗಳ ಹೆಸರು ನೋಡಿದರೂ ಇದೇ ಕಥೆ. ಸ್ವೀಡನ್ನಿನ ಮೋರಾ ಅನ್ನೋದು ಒಂದು ಊರು. ಫ್ರಾನ್ಸಿನ ಲಗಿಯೋಲ್ ಕೂಡ ಊರೇ. ಸ್ವಿಸ್ ಆರ್ಮಿ ನೈಫ್‌ಗೆ ಜರ್ಮನ್ ಭಾಷೆಯಲ್ಲಿ ಉದ್ದದ ಹೆಸರಿತ್ತು. ಅಮೆರಿಕದ ಸೈನಿಕರ ನಾಲಿಗೆ ಹೊರಳಲಿಲ್ಲ, ಅವರು ಕರೆದಿದ್ದೇ ಲೋಕಕ್ಕೆಲ್ಲ ಹೆಸರಾಯ್ತು. ಅದನ್ನು ಮಾಡುವ ವಿಕ್ಟೋರಿನಾಕ್ಸ್ ಹೆಸರಿನ ಹಿಂದೆ ಇರೋದು ಒಬ್ಬ ತಾಯಿ. ಕಾರ್ಲ್ ಎಲ್ಸೆನರ್ 1884ರಲ್ಲಿ ಕುಲುಮೆ ಶುರು ಮಾಡಿದಾಗ ಬೆನ್ನಿಗೆ ನಿಂತವರು ಅಮ್ಮ ವಿಕ್ಟೋರಿಯಾ. 1909ರಲ್ಲಿ ಅವರು ತೀರಿಕೊಂಡರು. ಮಗ ಅಮ್ಮನ ಹೆಸರನ್ನೇ ಚಾಕುವಿಗೆ ಇಟ್ಟ. ತುಕ್ಕು ಹಿಡಿಯದ ಉಕ್ಕಿನ ಗುರುತಾದ 'ಇನಾಕ್ಸ್' ಅದಕ್ಕೆ ಸೇರಿದ್ದು 1921ರಲ್ಲಿ. ಇದನ್ನು ಮೊದಲ ಸಲ ಓದಿದಾಗ ನನಗೆ ಗಂಟಲು ಕಟ್ಟಿತ್ತು.

ನಮ್ಮದೇ ಮಾತಿನ ಒಂದು ಕಥೆಯೂ ಇದೆ. ದಕ್ಷಿಣ ಭಾರತದ ಉಕ್ಕು ಒಂದು ಕಾಲದಲ್ಲಿ ಜಗತ್ತಿಗೆಲ್ಲ ಬೇಕಾಗಿತ್ತು. 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಅದರ ಬಗ್ಗೆ ಪ್ರಬಂಧ ಓದಿದಾಗ ಅದನ್ನು ಕರೆದಿದ್ದು ವೂಟ್ಸ್ ಅಂತ. ನಮ್ಮ 'ಉಕ್ಕು' ಅನ್ನೋ ಮಾತೇ ಹಾಗಾಗಿದ್ದು ಅಂತ ಬಲ್ಲವರು ಹೇಳುತ್ತಾರೆ. ಈಗ ನಮ್ಮ ಹುಡುಗರು ಕತ್ತಿ ಮಾಡಿಸಿ ಅದಕ್ಕೆ ಇಂಗ್ಲಿಷ್ ಹೆಸರು ಹುಡುಕುತ್ತಾರೆ. ಉಕ್ಕಿಗೇ ಹೆಸರು ಕೊಟ್ಟ ಭಾಷೆ ಮನೆಯಲ್ಲಿ ಇರುವಾಗ ಹಾಗೆ ಮಾಡೋದು ನನಗೆ ನಿಜಕ್ಕೂ ಬೇಸರ.

ಸರಿ, ಹಾಗಾದರೆ ಹೆಸರು ಬರೋದು ಎಲ್ಲಿಂದ? ನಮ್ಮ ಕೊಟ್ಟಿಗೆಯಲ್ಲಿ ಕರು ಹುಟ್ಟಿದ ದಿನವೇ ಹೆಸರಿಡುವುದಿಲ್ಲ. ನಾಲ್ಕು ದಿನ ನೋಡುತ್ತೇವೆ. ಬಣ್ಣ ನೋಡಿ ಕೆಂಪಿ ಆಗುತ್ತದೆ, ಹಣೆ ನೋಡಿ ಚುಕ್ಕಿ ಆಗುತ್ತದೆ, ಅದರ ಓಡಾಟ ನೋಡಿ ಇನ್ನೇನೋ ಆಗುತ್ತದೆ. ಕತ್ತಿಗೂ ಹಾಗೇ ಸಮಯ ಕೊಡಬೇಕು.

ನನ್ನ ಕತ್ತಿಗೆ ಆ ಸಮಯ ಆಗಸ್ಟ್‌ನಲ್ಲಿ ಬಂತು. ಸಂಜೆ ಹೊತ್ತು ಮಣಕವೊಂದು, ಇನ್ನೂ ಕರು ಹಾಕದ ಹಸು, ಕೊಟ್ಟಿಗೆಗೆ ಬರಲಿಲ್ಲ. ಬೆಟ್ಟಕ್ಕೆ ಹೋಗಿ ಹುಡುಕಿದರೆ ಸೀಗೆ ಮೆಳೆಯೊಳಗೆ ಸಿಕ್ಕಿಕೊಂಡು ನಿಂತಿದೆ. ಕೊರಳ ಹಗ್ಗ ಬಳ್ಳಿಗೆ ನಾಲ್ಕು ಸುತ್ತು ಸುತ್ತಿದೆ. ಸೀಗೆ ಮುಳ್ಳು ಗೊತ್ತಲ್ವಾ, ಹಿಮ್ಮುಖವಾಗಿ ಬಾಗಿರುತ್ತದೆ. ಒಳಗೆ ಹೋಗೋಕೆ ಬಿಡುತ್ತದೆ, ವಾಪಸ್ ಬರೋಕೆ ಬಿಡುವುದಿಲ್ಲ. ದೊಡ್ಡ ಕತ್ತಿ ಬೀಸೋಕೆ ಜಾಗವೇ ಇರಲಿಲ್ಲ. ಬೀಸಿದ್ದರೆ ಮಣಕದ ಕಾಲಿಗೇ ಬೀಳುತ್ತಿತ್ತು. ಚಿಕ್ಕ ಕತ್ತಿ ತೆಗೆದು ಮಂಡಿಯೂರಿ ಕೂತೆ. ಒಂದು ಬಳ್ಳಿ ಎಳೆದು ಹಿಡಿಯೋದು, ಬುಡಕ್ಕೆ ಕತ್ತಿ ಒತ್ತಿ ಎಳೆಯೋದು. ಇನ್ನೊಂದು. ಮತ್ತೊಂದು. ಮಳೆ ಸುರಿಯುತ್ತಲೇ ಇತ್ತು, ಆದರೂ ಬೀಟೆ ಹಿಡಿ ಕೈಯಲ್ಲಿ ಜಾರಲಿಲ್ಲ. ಮುಕ್ಕಾಲು ಗಂಟೆ ಆಯ್ತು. ಕೊನೆಗೆ ಮಣಕ ಕೊಡವಿಕೊಂಡು ಎದ್ದು, ನನ್ನನ್ನು ದಾಟಿಕೊಂಡು ಮನೆ ಕಡೆ ನಡೆಯಿತು. ನನ್ನ ಎರಡೂ ಕೈ ಮೊಣಕೈವರೆಗೆ ಗೀರಿ ಹೋಗಿತ್ತು. ರಾತ್ರಿ ದೀಪಕ್ಕೆ ಹಿಡಿದು ನೋಡಿದೆ, ಕತ್ತಿಯ ಬಾಯಲ್ಲಿ ಒಂದು ಹಲ್ಲೂ ಬಿದ್ದಿರಲಿಲ್ಲ.

ಮರುದಿನ ಬೆಳಿಗ್ಗೆ ಅಮ್ಮ ಹಿತ್ತಲಿಂದ ಕೂಗಿದರು: "ಆ ಸೀಗೆ ಕತ್ತಿ ಎಲ್ಲಿಟ್ಟೆ? ಬಾಳೆಎಲೆ ಕೊಯ್ಯಬೇಕು."

ನಾನು ಅಡುಗೆಮನೆಯಲ್ಲಿ ಕಾಫಿ ಲೋಟ ಹಿಡಿದುಕೊಂಡು ಹಾಗೇ ನಿಂತೆ. ಹೆಸರು ಬಂದಿತ್ತು. ಸೀಗೆ. ಎರಡೇ ಅಕ್ಷರ. ತೋಟದ ಆ ತುದಿಯಿಂದ ಕೂಗಿದರೂ ಕೇಳುತ್ತದೆ. ಅಲಗಿನ ಹೊಟ್ಟೆಯ ಬಾಗು ನೋಡಿದರೆ ಸೀಗೆಕಾಯಿಯದ್ದೇ. ಅದನ್ನು ನಾನು ಅಷ್ಟು ದಿನ ಗಮನಿಸಿರಲೇ ಇಲ್ಲ. ಮುಳ್ಳಿರುವ ಬಳ್ಳಿ ಹೌದು, ಆದರೆ ಮನೆಗೆ ಬೇಕಾದ ಬಳ್ಳಿ. ಅಜ್ಜಿಯ ತಲೆಸ್ನಾನ ಅದರಲ್ಲೇ ಆಗುತ್ತಿತ್ತು. ಕತ್ತಿಯ ಗುಣಕ್ಕೆ ಇದಕ್ಕಿಂತ ಹತ್ತಿರದ ಹೆಸರು ನಾನು ವರ್ಷಗಟ್ಟಲೆ ಕೂತು ಯೋಚಿಸಿದರೂ ಸಿಗುತ್ತಿರಲಿಲ್ಲ.

ಕಾಯೋದರಲ್ಲಿ ಒಂದು ತೊಂದರೆ ಇದೆ, ಅದನ್ನೂ ಹೇಳಬೇಕು. ಹದ ಕೊಟ್ಟ ಮೇಲೆ ಅಲಗಿನ ಮೇಲೆ ಚಾಣ, ಅಂದರೆ ಕೊರೆಯುವ ಉಳಿ, ಸರಿಯಾಗಿ ಹತ್ತುವುದಿಲ್ಲ. ಹೆಸರು ಕೊರೆಸಬೇಕು ಅಂದರೆ ಹದ ಕೊಡುವ ಮೊದಲೇ ಕೊರೆಸಬೇಕು. ಎಲ್ಲರೂ ಅವಸರ ಮಾಡೋದು ಇದಕ್ಕೇ. ಈಗ ಪೇಟೆಯಲ್ಲಿ ಲೇಸರ್‌ನಿಂದ ಬರೆದು ಕೊಡುತ್ತಾರೆ. ಆದರೆ ಕುಲುಮೆಯಲ್ಲಿ ಹುಟ್ಟಿದ ಕತ್ತಿಗೆ ಕುಲುಮೆಯಲ್ಲೇ ಹೆಸರು ಬೀಳಲಿ ಅನ್ನೋ ಆಸೆ ನನ್ನದು.

ಆಯುಧಪೂಜೆಗೆ ಮೂರು ದಿನ ಮುಂಚೆ ಕತ್ತಿ ತಗೊಂಡು ಹೋದೆ. ಆಚಾರ್ರು ಬೆರಳಲ್ಲಿ ಬಾಯಿ ಸವರಿ ನೋಡಿ, ಏನೂ ಹೇಳದೆ ತಲೆಯಾಡಿಸಿದರು. ಹೆಸರು ಹೇಳಿದೆ. "ಒತ್ತಕ್ಷರ ಇಲ್ಲ, ಒಳ್ಳೇದಾಯ್ತು" ಅಂದರು. ಆಮೇಲೆ ಕತ್ತಿ ತಿರುಗಿಸಿ ಹಿಡಿಯ ಹತ್ತಿರದ ಹಿತ್ತಾಳೆ ಬಳೆ ತೋರಿಸಿದರು. ಹಿತ್ತಾಳೆ ಮೆತ್ತಗೆ, ಅದರ ಮೇಲೆ ಯಾವಾಗ ಬೇಕಾದರೂ ಕೊರೆಯಬಹುದು. ಸಣ್ಣ ಚಾಣ, ಸಣ್ಣ ಸುತ್ತಿಗೆ. ಚುಕ್ಕಿ ಚುಕ್ಕಿಯಾಗಿ ಬಡಿಯುತ್ತಾ ಹೋದರು. ಸೀ ಅಕ್ಷರದ ದೀರ್ಘ ಬಳೆಯ ಬೆಸುಗೆ ಮೇಲೆ ಬಂತು, ಅಲ್ಲಿ ಸ್ವಲ್ಪ ಸೊಟ್ಟ ಇದೆ. ಸರಿ ಮಾಡಿಕೊಡಲಾ ಅಂತ ಕೇಳಿದರು. ಬೇಡ, ಹಾಗೇ ಇರಲಿ ಅಂದೆ.