ಪಾಲಿಸ್ಟರ್ ಸೀರ್ಯಾಗ ಕೌದಿ ಆಗಂಗಿಲ್ಲ

ನಿಮ್ಮ ಮನಿ ಟ್ರಂಕು, ಕಪಾಟು ಎಲ್ಲಾ ತಗದು ಹಳೇ ಸೀರಿ ಒಮ್ಮೆ ಹೊರಗ ಹಾಕಿ ನೋಡ್ರಿ, ಹತ್ತಿ ಸೀರಿ ಎಷ್ಟು, ಪಾಲಿಸ್ಟರ್ ಎಷ್ಟು ಅಂತ. ನಮ್ಮನ್ಯಾಗ ಹೊಸಾ ಕೌದಿ (ಹಳೇ ಅರಬಿ ಪದರ ಕೂಡಿಸಿ ಹೊಲಿಯೋ ಹೊದಿಕಿ) ಹೊಲಿಸೂಣು ಅಂತ ತಗದ್ರ ಒಂದ ಕೌದಿಗೆ ಆಗೋವಷ್ಟು ಹತ್ತಿ ಸೀರಿ ಸೈತ ಸಿಗಲಿಲ್ಲ, ಉಳದದ್ದೆಲ್ಲಾ ಜಾರೂ ಸೀರಿ, ಆಯೇರಿಗೆ ಬಂದದ್ದು, ಒಂದೆರಡ ಸಲ ಉಟ್ಟು ಮಡಚಿ ಇಟ್ಟದ್ದು. ಕೌದಿ ಹೊಲಿಯೋ ಅಕ್ಕಾರು ಕೈಲೆ ಮುಟ್ಟಿ ನೋಡೇ ಹೇಳಿದ್ರು, "ಯವ್ವಾ ಇವು ನಡಿಯಂಗಿಲ್ಲಬೇ, ಪದರ ಒಂದರ ಮ್ಯಾಲ ಒಂದು ಕುಂದ್ರಂಗಿಲ್ಲ, ಹೊತಗೊಂಡ್ರ ಬೆವರು ಹೀರಂಗಿಲ್ಲ."

ಆ ಮಾತು ನನ್ನ ತಲ್ಯಾಗ ಕುಂತ ಬಿಟ್ಟೈತಿ. ಯಾಕಂದ್ರ ಪರಿಸರ, ಮರುಬಳಕೆ ಅಂತ ನಾವು ಮಾತಾಡೋದೆಲ್ಲಾ ವಸ್ತು ಹಳೇದಾದ ಮ್ಯಾಲ ಶುರು ಆಗ್ತೈತಿ. ಆದ್ರ ಅದು ಮುಂದ ಏನರ ಆಗ್ತೈತೋ, ಸೀದಾ ಕಸದ ಗಾಡಿಗೆ ಹೋಗ್ತೈತೋ ಅನ್ನೋದು ಅಂಗಡ್ಯಾಗ ನಾವು ರೊಕ್ಕ ಕೊಡೋ ಹೊತ್ತಿಗೇನ ಮುಗದಿರ್ತೈತಿ. ಇವತ್ತು ಇಷ್ಟುದ್ದ ಬರ್ಯಾಕ ಕುಂತದ್ದು ಇದಕ್ಕ.

ಹತ್ತಿ ಸೀರಿದು ನೋಡ್ರಿ. ನಮ್ಮ ಅತ್ತಿಯವರು ಗದಗ ಕಡಿಯವರು, ಅವರ ಮನ್ಯಾಗ ಒಂದು ಸೀರಿ ಬಂತಂದ್ರ ಮನಿ ಬಿಟ್ಟು ಹೊರಗ ಹೋಗಾಕ ವರ್ಷಾನುಗಟ್ಲೆ ಹಿಡೀತಿತ್ತಂತ. ಹೊಸದಿದ್ದಾಗ ಜಾತ್ರಿ, ಮದುವಿ. ಬಣ್ಣ ಮಾಸಿದ ಮ್ಯಾಲ ದಿನಾ ಉಡಾಕ. ಆಮ್ಯಾಲ ಕೂಸಿನ ಕುಂಚಗಿ, ಕೂಸಿನ ಕೆಳಗ ಹಾಸೋ ಮೆತ್ತನ್ನ ಅರಬಿ, ಬ್ಯಾಸಗ್ಯಾಗ ಶಾವಗಿ ಸಂಡಗಿ ಒಣಗಸಾಕ ಹಾಸೋ ಅರಬಿ, ಆಮ್ಯಾಲ ಕೌದಿಯೊಳಗ ಒಂದು ಪದರ. ಕೌದಿ ಹರದ ಮ್ಯಾಲ ಥಂಡ್ಯಾಗ ಎಮ್ಮಿ ಕರಕ್ಕ ಹೊಚ್ಚಾಕ, ಕಡೀಕ ಒರಸೋ ಅರಬಿ, ಉಳದ ಚಿಂದಿ ತಿಪ್ಪಿಗೆ. ತಿಪ್ಯಾಗ ಹತ್ತಿ ಕೊಳತು ಗೊಬ್ಬರ ಆಗಿ ಎರಿ ಹೊಲಕ್ಕ ಹೋಗ್ತಿತ್ತು, ಅದ ಹೊಲದಾಗ ಮತ್ತ ಜಯಧರ ಹತ್ತಿ ಬೆಳೀತಿದ್ರು. ಯಾರೂ ಇದನ್ನ ಪರಿಸರ ಉಳಸಾಕ ಅಂತ ಮಾಡಿದ್ದಲ್ಲ, ಅರಬಿ ತುಟ್ಟಿ ಇತ್ತು, ರೊಕ್ಕ ಕಮ್ಮಿ ಇತ್ತು. ಆದ್ರ ಅವರು ಮಾಡಿದ್ದು ನಡೀತಿತ್ತು ಯಾಕಂದ್ರ ವಸ್ತುನ ಹಂತಾದ್ದಿತ್ತು.

ಹಳಿಯಾಳ, ಯಲ್ಲಾಪುರ ಕಡೆ ಸಿದ್ದಿ ಹೆಣ್ಮಕ್ಕಳು ಹೊಲಿಯೋ ಕೌದಿ ನೋಡಿದವರಿಗೆ ಗೊತ್ತಿರ್ತೈತಿ, ಅಂಚಿನಿಂದ ಹಿಡದು ಸುತ್ತ ಹೊಲಕೋತ ನಡುವಿಗೆ ಬರ್ತಾರ, ಮೂಲಿಗೆ ಅರಬಿ ಮಡಚಿ ಫುಲ (ಹೂವು) ಅಂತ ಇಟ್ಟ ಮ್ಯಾಲನ ಅದು ಪೂರಾ ಆದಂಗ. ಅಷ್ಟು ಹೊಲಿಗಿ ಹಾಕೋದು ಚಂದಕ್ಕಷ್ಟ ಅಲ್ರಿ, ಹಳೇ ಅರಬಿ ಮೊದಲ ಸವದಿರ್ತೈತಿ, ಒತ್ತೊತ್ತಾಗಿ ಹೊಲದ್ರ ಒಂದು ಪದರ ಹರದ್ರೂ ಬಾಜೂಕಿನ ಹೊಲಿಗಿ ಹಿಡಕೊಂತೈತಿ. ಇಂಥಾ ಕೌದಿ ಹೊಲ್ಯಾಕ ದಿನಗಟ್ಲೆ ಬಗ್ಗಿ ಕುಂದ್ರಬೇಕು, ಬೆನ್ನು ಕಣ್ಣು ಎರಡೂ ಹೋಗ್ತಾವ. ದಯವಿಟ್ಟು ಅವರ ಹತ್ರ ಚೌಕಾಸಿ ಮಾಡಬ್ಯಾಡ್ರಿ, ಮಾಲ್‌ನ್ಯಾಗ ಬ್ಲ್ಯಾಂಕೆಟ್‌ಗೆ ಬೆಲೆ ಕೇಳದ ಕೊಡ್ತೀವಿ, ಇವರಿಗೂ ಹಂಗ ಕೊಡ್ರಿ.

ಈಗ ಪಾಲಿಸ್ಟರ್. ನೀರಿನ ಬಾಟ್ಲಿ ಮಾಡೋ ಪೆಟ್ ಪ್ಲಾಸ್ಟಿಕ್ಕೂ ಪಾಲಿಸ್ಟರ್ ನೂಲೂ ಮೂಲದಾಗ ಒಂದ ವಸ್ತು ಅನ್ನೋದು ಭಾಳ ಮಂದಿಗೆ ಗೊತ್ತಿಲ್ಲ. ಒಗದಾಗೊಮ್ಮೆ ಕಣ್ಣಿಗೆ ಕಾಣದಂಥ ಎಳಿ ಉದುರಿ ಬಚ್ಚಲ ನೀರಿನ ಕೂಡ ಹೋಗ್ತಾವ, ಅವು ಕೊಳಿಯಂಗಿಲ್ಲ. ಪ್ಲಾಸ್ಟಿಕ್ ಚೀಲ ಬ್ಯಾಡ ಅಂತ ಹೇಳಿ ಪಾಲಿಸ್ಟರ್ ಸೀರಿ ಆಯೇರಿ ಮಾಡಿದ್ರ ಏನು ಉಳಿಸಿದಂಗಾತು ಹೇಳ್ರಿ? ಮದುವ್ಯಾಗ ನೂರಾರು ಮಂದಿಗೆ ಕೊಡೋ ಅಗ್ಗದ ಸೀರಿ, ಬ್ಲೌಸ್ ಪೀಸು ಅವರೂ ಉಡಂಗಿಲ್ಲ, ಮುಂದಿನ ಮನಿ ಫಂಕ್ಷನ್‌ಗೆ ದಾಟಸ್ತಾರ, ಅವರು ಮತ್ತೊಬ್ಬರಿಗೆ. ಇದನ್ನ ಬಿಡೂಣ್ರಿ. ಕೊಡಲೇಬೇಕು ಅಂದ್ರ ಒಂದು ಹತ್ತಿ ಟವೆಲ್ ಕೊಡ್ರಿ, ಗ್ಯಾರಂಟಿ ಬಳಸ್ತಾರ. ನಮ್ಮ ಹುಬ್ಬಳ್ಳಿಯ ಬೆಂಗೇರಿಯೊಳಗ ಖಾದಿ ಬಟ್ಟಿಲೆ ರಾಷ್ಟ್ರಧ್ವಜ ಮಾಡ್ತಾರ, ಅಂಥಾ ಊರಾಗ ಇದ್ದು ನಾವು 2021ರ ಡಿಸೆಂಬರ್‌ನ್ಯಾಗ ನಿಯಮ ಬದಲಾಗಿ ಪಾಲಿಸ್ಟರ್ ಧ್ವಜಕ್ಕೂ ಪರವಾನಗಿ ಸಿಕ್ಕದ್ದು ನೋಡೇವಿ. ನನಗ ಆವಾಗ ಆದ ಸಂಕಟ ಇನ್ನೂ ಕಮ್ಮಿ ಆಗಿಲ್ಲ.

ಸಾಲ್ಯಾಗ ಮಕ್ಕಳಿಗೆ ಕೊಡೋ 'ಬೆಸ್ಟ್ ಔಟ್ ಆಫ್ ವೇಸ್ಟ್' ಪ್ರಾಜೆಕ್ಟ್ ಬಗ್ಗೆ ಒಂದು ಮಾತು. ಹಳೇ ಬಾಟ್ಲಿ ಒಂದು, ಅದಕ್ಕ ಹಚ್ಚಾಕ ಹೊಸಾ ಪೇಂಟು, ಹೊಸಾ ಗ್ಲಿಟರು, ಫೆವಿಕಾಲು, ಥರ್ಮಾಕೋಲು, ಎಲ್ಲಾ ಸ್ಟೇಷನರಿ ಅಂಗಡಿಯಿಂದ ತರ್ಬೇಕು. ಮಾರ್ಕ್ಸ್ ಸಿಕ್ಕ ಮ್ಯಾಲ ವಾರದಾಗ ಕಸಕ್ಕ. ಬಣ್ಣ, ಗಮ್ಮು ಹತ್ತಿದ ಬಾಟ್ಲಿ ಗುಜರಿಯವರೂ ತಗೊಳ್ಳೂದಿಲ್ಲ, ಏನೂ ಹಚ್ಚದ ಹಂಗ ಗುಜರಿಗೆ ಕೊಟ್ಟಿದ್ರ ಅದನ್ನ ಕರಗಿಸಿ ಮತ್ತೇನರ ಮಾಡ್ತಿದ್ರು. ಟೀಚರ್‌ಗಳಿಗೆ ನನ್ನ ಕಳಕಳಿ ಏನಂದ್ರ, ಮಕ್ಕಳಿಗೆ ಗುಂಡಿ ಹಚ್ಚೋದು ಕಲಸ್ರಿ, ಹರದ ಕಂಪಾಸ್ ಚೀಲಕ್ಕ ಹೊಲಿಗಿ ಹಾಕೋದು, ಸೈಕಲ್ ಪಂಕ್ಚರ್ ತಗಿಯೋದು ಕಲಸ್ರಿ. ಗಂಡ್ಮಕ್ಕಳಿಗೂ ಕಲಸ್ರಿ. ಇದಕ್ಕ ಮಾರ್ಕ್ಸ್ ಕೊಡ್ರಿ.

ಚೀಲದ ವಿಷಯನೂ ಹಂಗ. ನಮ್ಮ ರಾಜ್ಯದಾಗ 2016ರ ಮಾರ್ಚ್‌ನ್ಯಾಗ ಪ್ಲಾಸ್ಟಿಕ್ ಕ್ಯಾರಿ ಬ್ಯಾಗು, ಫ್ಲೆಕ್ಸು, ತಾಟು, ಲೋಟ ಬಂದ್ ಮಾಡಿದ್ರು, ಹುಬ್ಬಳ್ಳಿಯ ದುರ್ಗದಬೈಲ್ ಪ್ಯಾಟಿಗೆ ಹೋಗಿ ನೋಡ್ರಿ ಎಷ್ಟು ಬಂದ್ ಆಗೈತಿ ಅಂತ. ಅದಕ್ಕ ಬದಲಿ ಅಂತ ಈಗ ಎಲ್ಲಾ ಕಾರ್ಯಕ್ರಮದಾಗ ಬ್ಯಾನರ್ ಪ್ರಿಂಟ್ ಹೊಡಸಿದ ಹೊಸಾ ಕಾಟನ್ ಬ್ಯಾಗ್ ಹಂಚ್ತಾರ. 2011ರಾಗ ಇಂಗ್ಲೆಂಡಿನ ಪರಿಸರ ಸಂಸ್ಥೆ ಲೆಕ್ಕಾ ಹಾಕಿತ್ತು, ಒಂದು ಹೊಸಾ ಹತ್ತಿ ಚೀಲ ಭೂಮಿ ಬಿಸಿ ಮಾಡೋ ಲೆಕ್ಕದಾಗ ತೆಳು ಪ್ಲಾಸ್ಟಿಕ್ ಚೀಲಕ್ಕಿಂತ ಛಲೋ ಅನಿಸ್ಕೋಬೇಕಂದ್ರ 131 ಸಲ ಬಳಸಬೇಕು ಅಂತ. ಹತ್ತಿ ಬೆಳ್ಯಾಕ ನೀರು, ಗೊಬ್ಬರ, ಔಷಧ, ಗಿರಣಿ ಕರೆಂಟು ಎಲ್ಲಾ ಬೇಕಲ್ರಿ. ಹಂಗಂತ ಪ್ಲಾಸ್ಟಿಕ್ ಚೀಲಕ್ಕ ವಾಪಸ್ ಹೋಗ್ರಿ ಅಂತ ನಾನು ಹೇಳವಲ್ಲೆ, ಅದು ಗಟಾರ ಕಟ್ಟತೈತಿ, ದನದ ಹೊಟ್ಟಿಗೆ ಹೋಗ್ತೈತಿ. ಹೊಸದು ತಗೋಬ್ಯಾಡ್ರಿ ಅಂತೇನಿ ಅಷ್ಟ. ಹಳೇ ಪ್ಯಾಂಟಿನ ಕಾಲು ಕತ್ತರಿಸಿ ಕೆಳಗ ಹೊಲದ್ರ ಜ್ವಾಳ, ಬ್ಯಾಳಿ ತರಾಕ ಗಟ್ಟಿ ಚೀಲ. ತೆಳು ಕಾಟನ್ ಸೀರಿ, ಹಳೇ ದೋತರದಾಗ ಕಾಯಿಪಲ್ಲೆ ಚೀಲ, ಕೊತ್ತಂಬರಿ ಮೆಂತ್ಯೆ ಹಸಿ ಅರಬ್ಯಾಗ ಸುತ್ತಿಟ್ರ ಎರಡ ದಿನ ಹೆಚ್ಚಿಗಿ ಬಾಳ್ತಾವ.

ಎಲ್ಲಾನೂ ಮತ್ತ ಬಳಸೋದು ಛಲೋ ಅಲ್ಲ, ಇದನ್ನ ಜೋರಾಗಿ ಹೇಳ್ತೇನಿ. ಹೊಲದ ಎಣ್ಣಿ ಡಬ್ಬಿ ಅಂದ್ರ ಕೀಟನಾಶಕದ ಡಬ್ಬಿ ತೊಳದು ನೀರು, ಮಜ್ಜಿಗಿ ಒಯ್ಯೋರು ಹಾವೇರಿ, ನವಲಗುಂದ ಕಡೆ ಇನ್ನೂ ಅದಾರ. ಎಷ್ಟ ತೊಳದ್ರೂ ಆ ವಿಷ ಪ್ಲಾಸ್ಟಿಕ್‌ನ್ಯಾಗ ಉಳೀತೈತಿ. ಮೂರು ಸಲ ಗಲಬರಿಸಿ ಆ ನೀರು ಸ್ಪ್ರೇ ಪಂಪಿಗೇ ಹಾಕಿ, ಡಬ್ಬಿಗೆ ತೂತು ಹೊಡದ ಬಿಡ್ರಿ, ಯಾರೂ ಮತ್ತ ಬಳಸಬಾರದು. ಪೇಂಟ್ ಬಕೀಟ್ನ್ಯಾಗ ಕುಡಿಯೋ ನೀರು ಬ್ಯಾಡ, ಗಿಡ ಹಚ್ಚಾಕ ನಡೀತೈತಿ. ಮತ್ತ ಮಿರ್ಚಿ ಭಜಿ, ಗಿರಮಿಟ್ಟು ರದ್ದಿ ಪೇಪರ್‌ನ್ಯಾಗ ಕಟ್ಟಸ್ಕೋಬ್ಯಾಡ್ರಿ, ಶಾಯಿ ಬಿಸಿ ಎಣ್ಣಿಗೆ ಬಿಡ್ತೈತಿ, ಆಹಾರ ಸುರಕ್ಷತಾ ಪ್ರಾಧಿಕಾರದವರೂ ಬ್ಯಾಡ ಅಂದಾರ. ಮನಿಯಿಂದ ಡಬ್ಬಿ ಒಯ್ರಿ, ಅಂಗಡಿಯವರು ಏನೂ ಅನ್ನಂಗಿಲ್ಲ, ಅವರಿಗೂ ಪೇಪರ್ ಉಳೀತೈತಿ.

ನೀರಿನ ಬಗ್ಗೆ ಹೇಳಲಿಲ್ಲ ಅಂದ್ರ ಹುಬ್ಬಳ್ಳಿ-ಧಾರವಾಡದಾಗ ಇದ್ದು ಬರದದ್ದು ವ್ಯರ್ಥ. ಸವದತ್ತಿ ನವಿಲುತೀರ್ಥದಿಂದ ಮಲಪ್ರಭಾ ನೀರು ಬರ್ತೈತಿ, ಭಾಳಷ್ಟು ಓಣಿಗೆ ನಾಕೈದ ದಿನಕ್ಕೋ ವಾರಕ್ಕೋ ಒಮ್ಮೆ. ನೀರು ಬಂದ ದಿನ ನಾವೇನು ಮಾಡ್ತೀವಿ? ಬ್ಯಾರಲ್, ಕೊಡದಾಗ ಉಳದ 'ಹಳೇ ನೀರು' ಗಟಾರಕ್ಕ ಚೆಲ್ಲಿ ಹೊಸಾ ನೀರು ತುಂಬ್ತೀವಿ. ಇದನ್ನ ನಿಲ್ಲಸ್ರಿ ಅಂತ ಕೈ ಮುಗದು ಕೇಳ್ತೇನಿ. ಮುಚ್ಚಿಟ್ಟ ನೀರು ವಾರಕ್ಕ ಹಾಳಾಗಂಗಿಲ್ಲ. ಆ ನೀರ್ಲೆ ಹಿಂದಿನ ದಿನಾನ ಅರಬಿ ಒಗೀರಿ, ಅಂಗಳ ತೊಳೀರಿ, ಗಿಡಕ್ಕ ಹಾಕ್ರಿ, ಬ್ಯಾರಲ್ ಖಾಲಿ ಆದ ಮ್ಯಾಲ ಒಳಗಿನ ಗ್ವಾಡಿ ತಿಕ್ಕಿ ತೊಳೀರಿ, ಯಾಕಂದ್ರ ಡೆಂಗ್ಯೂ ಸೊಳ್ಳಿ ತತ್ತಿ ನೀರಾಗಲ್ಲ, ಬ್ಯಾರಲ್ ಒಳಮೈಗೆ ಅಂಟಿರ್ತಾವ, ನೀರಷ್ಟ ಚೆಲ್ಲಿದ್ರ ಅವು ಹೋಗಂಗಿಲ್ಲ. ಆರ್‌ಓ ಮಷೀನಿನಿಂದ ಹೊರಗ ಹೋಗೋ ನೀರು ಬಕೀಟ್ನ್ಯಾಗ ಹಿಡದು ನೆಲ ಒರಸಾಕ, ಪಾಯಖಾನಿಗೆ ಬಳಸ್ರಿ, ದಿನಾ ಗಿಡಕ್ಕ ಹಾಕಿದ್ರ ಉಪ್ಪು ಕೂಡತೈತಿ, ಅದಕ್ಕ ಬ್ಯಾಡ. ಅಕ್ಕಿ, ಬ್ಯಾಳಿ ತೊಳದ ನೀರು ಗಿಡಕ್ಕ ಛಲೋ. ಬಾಜೂಕ ಎಮ್ಮಿ ಕಟ್ಟಿದವರಿದ್ರ ಮುಸರಿ ನೀರು ಅವರಿಗೆ ಕೊಡ್ರಿ, ಸೋಪು ಬೀಳದಂಗ ನೋಡ್ಕೋರಿ.

ಭಾಂಡೆ ತಿಕ್ಕಾಕ ತೆಂಗಿನ ನಾರು, ಮೈ ತಿಕ್ಕಾಕ ಬಲತ ಹೀರೀಕಾಯಿ ಒಣಗಿಸಿದ್ದು, ಅಂಟವಾಳಕಾಯಿ ನೀರ್ಲೆ ಉಣ್ಣಿ ಅರಬಿ, ರೇಷ್ಮಿ. ಇವು ನಿಮಗ ಗೊತ್ತಿದ್ದದ್ದ. ಲಿಂಬಿ, ಮೋಸಂಬಿ ಸಿಪ್ಪಿ ಮೂರು ಪಾಲು, ಬೆಲ್ಲ ಒಂದು ಪಾಲು, ನೀರು ಹತ್ತು ಪಾಲು ಪ್ಲಾಸ್ಟಿಕ್ ಡಬ್ಬ್ಯಾಗ ಹಾಕಿ ಮೂರು ತಿಂಗಳ ಬಿಟ್ರ ನೆಲ ಒರಸೋ ಎಂಜೈಮ್ ತಯಾರು, ಮೊದಲ ತಿಂಗಳ ದಿನಾ ಮುಚ್ಚಳ ಸಡ್ಲ ಮಾಡಿ ಗ್ಯಾಸ್ ಬಿಡಬೇಕು, ಗಾಜಿನ ಬಾಟ್ಲಿ ಒಡೀತೈತಿ, ಅದರಾಗ ಹಾಕಬ್ಯಾಡ್ರಿ. ಹಾಲಿನ ಪಾಕೀಟಿನ ಮೂಲಿ ಕತ್ತರಸುವಾಗ ತುದಿ ಪೂರಾ ಬ್ಯಾರೆ ಮಾಡಬ್ಯಾಡ್ರಿ, ಆ ಚೂರು ಯಾರ ಕೈಗೂ ಸಿಗಂಗಿಲ್ಲ, ಪಾಕೀಟಿಗೆ ಹತ್ತೇ ಇದ್ರ ತೊಳದು ಒಣಗಸಿ ಗುಜರಿಗೆ ಕೊಡಬಹುದು. ಚಿಪ್ಸ್, ಗುಟ್ಕಾ ಚೀಟಿ ಮಾತ್ರ ಯಾರೂ ತಗೊಳ್ಳಂಗಿಲ್ಲ, ಹಲವು ಪದರ ಅಂಟಿಸಿದ್ದು, ಬಿಡಸಾಕ ಬರಂಗಿಲ್ಲ.

ಇಷ್ಟೆಲ್ಲಾ ಯಾರು ಮಾಡಬೇಕು? ಮನ್ಯಾಗ ಹೆಣ್ಮಕ್ಕಳ ಪಾಲಿಗೆ ಇನ್ನೊಂದು ಕೆಲಸ ಬಂದು ಬೀಳೋದಾದ್ರ ನಾನು ಇದನ್ನ ಒಪ್ಪಂಗಿಲ್ಲ. ನಮ್ಮನ್ಯಾಗ ಗೊಬ್ಬರದ ಬಕೀಟು ಪೂರಾ ಯಜಮಾನ್ರದು, ಹಸಿ ಕಸ ಒಣ ಕಸ ಬ್ಯಾರೆ ಮಾಡಿ ಟಿಪ್ಪರ್‌ಗೆ ಕೊಡೋದು ಮಗನದು. 2016ರ ಘನತ್ಯಾಜ್ಯ ನಿಯಮದಾಗ ಹಸಿ, ಒಣ, ಅಪಾಯಕಾರಿ ಅಂತ ಮೂರು ಮಾಡಬೇಕಂತ ಇತ್ತು. ನಾವು ಕೂಡಿಸಿ ಕೊಟ್ಟದ್ದನ್ನ ಪೌರಕಾರ್ಮಿಕರು ಕೈಲೆ ಆರಸ್ತಾರ ಅನ್ನೋದು ನೆನಪಿರಲಿ, ಅದ್ರಾಗ ಒಡದ ಗಾಜು ಇರ್ತೈತಿ, ಬ್ಲೇಡ್ ಇರ್ತೈತಿ, ಸೂಜಿ ಇರ್ತೈತಿ. ಗಾಜು ದಪ್ಪ ಪೇಪರ್‌ನ್ಯಾಗ ಸುತ್ತಿ ಕೊಡ್ರಿ, ಪ್ಯಾಡು ಪೇಪರ್‌ನ್ಯಾಗ ಸುತ್ತಿ ಮ್ಯಾಲ ಕೆಂಪು ಗುರ್ತು ಹಾಕಿ ಬ್ಯಾರೆ ಕೊಡ್ರಿ.

ಧಾರವಾಡದ ಹೊಸಯಲ್ಲಾಪುರ ಕಡೆ, ಹುಬ್ಬಳ್ಳಿಯ ಕಾರವಾರ ರೋಡ್ ಕಡೆ ಕಸದ ಗುಡ್ಡದ ಹೊಗಿ ಕುಡಿಯೋ ಮಂದಿನ ಕೇಳ್ರಿ. ಅಲ್ಲಿ ಬೆಂಕಿ ಹತ್ತಾಕ ಒಂದು ಕಾರಣ ನಮ್ಮ ಅಡಗಿ ಮನಿ ಹಸಿ ಕಸ, ಗಾಳಿ ಇಲ್ಲದ ಅಡಿಯಾಗ ಕೊಳತು ಮೀಥೇನ್ ಅನ್ನೋ ಉರಿಯೋ ಗ್ಯಾಸ್ ಆಗ್ತೈತಿ. ಅದ ಕಸ ಮನ್ಯಾಗ ಗಾಳಿಯಾಡೋ ಬಕೀಟ್ನ್ಯಾಗ ಹಾಕಿದ್ರ ಗೊಬ್ಬರ. ಹಳೇ ಪೇಂಟ್ ಬಕೀಟಿಗೆ ಸುತ್ತ, ತಳಕ್ಕ ತೂತು ಹೊಡೀರಿ, ಕೆಳಗ ಒಣ ಎಲಿ, ಮ್ಯಾಲ ಸಿಪ್ಪಿ, ಸೊಪ್ಪು, ಚಹಾಪುಡಿ, ಮತ್ತ ಅದಕ್ಕ ದುಪ್ಪಟ್ಟು ಒಣ ಎಲಿ, ಒಂದು ಸೌಟು ಹುಳಿ ಮಜ್ಜಿಗಿ. ವಾಸನಿ ಬಂತಂದ್ರ ಹಸಿ ಹೆಚ್ಚಾಗೈತಿ, ಒಣ ಎಲಿ ಹಾಕಿ ಕೈಯಾಡಸ್ರಿ. ಹುಳ ಬಿದ್ರ ಹೆದರಬ್ಯಾಡ್ರಿ, ಅವು ಕೊಳಸಾಕ ಬಂದವು. ಎರಡ ಮೂರ ತಿಂಗಳಿಗೆ ಮಳಿ ಬಿದ್ದ ಮಣ್ಣಿನ ವಾಸನಿ ಬಂದ್ರ ತಯಾರಾದಂಗ.

ಮತ್ತ ಒಣ ಎಲಿ ಎಲ್ಲಿಂದ ತರೂದು ಅಂತ ಧಾರವಾಡದಾಗ ಯಾರೂ ಕೇಳಬಾರದು. ಶಿವರಾತ್ರಿ ಆಸುಪಾಸು ಸಪ್ತಾಪುರ, ಕಲ್ಯಾಣನಗರ ರೋಡಿನಾಗ ಕಾಲ ಇಟ್ಟಲ್ಲಿ ಎಲಿ, ಮುಂಜಾನೆ ಗುಡಿಸಿ ಅಲ್ಲೇ ಕಡ್ಡಿ ಕೊರದು ಬೆಂಕಿ ಹಚ್ತಾರ, ಉಬ್ಬಸದವರು ಕಿಟಕಿ ಹಾಕ್ಕೊಂಡು ಕುಂದ್ರಬೇಕು. ನಮ್ಮ ಓಣ್ಯಾಗ ಮಾತಾಡೇವಿ, ಪಾರ್ಕಿನ ಮೂಲ್ಯಾಗ ಹಳೇ ತಂತಿ ಜಾಳಿಗಿಲೆ ಎದಿಮಟ್ಟದ ಎರಡು ಪಂಜರ ನಿಲ್ಲಸೋದು, ಎಲಿ ಅದಕ್ಕ ಹಾಕೋದು, ಆಗಾಗ ನೀರು ಚಿಮಕಿಸೋದು, ಬಕೀಟಿಗೆ ಬೇಕಾದವರು ಅಲ್ಲಿಂದ ಒಯ್ಯೋದು. ಜಾಳಿಗಿ ಸಿಕ್ಕೈತಿ, ನಾಕು ಕಬ್ಬಿಣದ ಪೈಪ್ ಬೇಕು, ಮನಿ ಕಟ್ಟಿ ಉಳದದ್ದು ಯಾರ ಹತ್ರರ ಇದ್ರ ಹೇಳ್ರಿ, ನಾವ ಬಂದು ಒಯ್ತೀವಿ.