ಕಲರ್ ಪ್ರೊಫೈಲ್ ಫಿಲ್ಟರ್ ಅಲ್ಲ ಮಾರಾಯ್ರೆ

ಹೊಸ ಮಾನಿಟರ್ ಸಿಕ್ಕಿಸಿದ ಕೂಡಲೇ ತುಂಬ ಜನ ಪ್ರೊಫೈಲ್ ಪಟ್ಟಿ ತೆರೆದು, ಒಂದೊಂದನ್ನೇ ಒತ್ತಿ ನೋಡಿ, ಕಣ್ಣಿಗೆ ಹಿತವಾದದ್ದನ್ನು ಉಳಿಸಿಕೊಳ್ಳುತ್ತಾರೆ. ಫೋಟೊ ಕೆಲಸದವರಾದರೆ ‘ಅಡೋಬ್ ಆರ್‌ಜಿಬಿ’ (ಮಾಮೂಲಿಗಿಂತ ಅಗಲವಾದ ಬಣ್ಣ ವ್ಯಾಪ್ತಿ) ಅನ್ನೋ ಹೆಸರಿಗೇ ಮರುಳಾಗುತ್ತಾರೆ. ಪ್ರೊಫೈಲ್ ಇರುವುದು ಪರದೆಯನ್ನು ಚೆಂದ ಮಾಡಲಿಕ್ಕಲ್ಲ. ‘ಈ ಪರದೆಗೆ ಇಂಥ ಸಂಖ್ಯೆ ಕಳಿಸಿದರೆ ಇಂಥ ಬಣ್ಣ ಬರುತ್ತದೆ’ ಅಂತ ಸಾಫ್ಟ್‌ವೇರ್‌ಗೆ ಹೇಳುವ ಫೈಲ್ ಅದು. ಮಾಮೂಲಿ ಮಾನಿಟರ್‌ಗೆ ಅಡೋಬ್ ಆರ್‌ಜಿಬಿ ಹಾಕಿದರೆ, ಪರದೆಗೆ ಇಲ್ಲದ ಶಕ್ತಿ ಇದೆ ಅಂತ ಫೋಟೊಶಾಪ್ ನಂಬುತ್ತದೆ. ನಂಬಿ ಬಣ್ಣ ತಗ್ಗಿಸುತ್ತದೆ. ಚಿತ್ರ ಸಪ್ಪೆಯಾಗುತ್ತದೆ. ಆ ಸಪ್ಪೆ ನೋಡಿ ನೀವು ಸ್ಯಾಚುರೇಶನ್, ಅಂದರೆ ಬಣ್ಣದ ಗಾಢತೆ, ಏರಿಸುತ್ತೀರಿ, ಪ್ರಿಂಟ್ ಆಗಿ ಬಂದ ಆಲ್ಬಮ್‌ನಲ್ಲಿ ಮದುಮಗಳ ಮುಖ ಕೆಂಪಾಗಿರುತ್ತದೆ.

ಪಿ3 ಅನ್ನೋ ಅಗಲ ಬಣ್ಣ ವ್ಯಾಪ್ತಿ ತೋರಿಸುವ ಮಾನಿಟರ್‌ನಲ್ಲಿ ಇದರ ಉಲ್ಟಾ ಕಥೆ. ಎಸ್‌ಆರ್‌ಜಿಬಿ (ವೆಬ್ ಮತ್ತು ಮಾಮೂಲಿ ಪರದೆಗಳ ಬಣ್ಣ ವ್ಯಾಪ್ತಿ) ಚಿತ್ರದ ಅಪ್ಪಟ ಕೆಂಪು 255, 0, 0, ಅಂದರೆ ಕೆಂಪು ಪೂರ್ತಿ, ಹಸಿರು ಮತ್ತು ನೀಲಿ ಸೊನ್ನೆ. ಅದೇ ಕೆಂಪು ಪಿ3 ಪರದೆಯಲ್ಲಿ ಸರಿಯಾಗಿ ಕಾಣಬೇಕಾದರೆ ಸುಮಾರು 234, 51, 35 ಅಂತ ಕಳಿಸಬೇಕು. ಈ ಲೆಕ್ಕ ಹಾಕಲಿಕ್ಕೇ ಪ್ರೊಫೈಲ್ ಬೇಕಾಗಿರುವುದು. ಪ್ರೊಫೈಲ್ ಓದದ ಸಾಫ್ಟ್‌ವೇರ್ 255, 0, 0 ಅನ್ನೇ ತಳ್ಳುತ್ತದೆ, ಸೀರೆಯ ಕೆಂಪು ಕಣ್ಣು ಕುಕ್ಕುತ್ತದೆ.

ಹಾಗಾಗಿ ಮೊದಲು ಕೈ ಹಾಕಬೇಕಾದದ್ದು ಕಂಪ್ಯೂಟರ್‌ಗಲ್ಲ, ಮಾನಿಟರ್‌ನ ಬಟನ್‌ಗೆ. ವಿವಿಡ್, ಸಿನಿಮಾ, ಡೈನಾಮಿಕ್ ಕಾಂಟ್ರಾಸ್ಟ್ ಎಲ್ಲ ಆಫ್. ನಿಮ್ಮ ಕೆಲಸ ವೆಬ್‌ಗೋ ಆಲ್ಬಮ್ ಲ್ಯಾಬ್‌ಗೋ ಹೋಗುವುದಾದರೆ ಎಸ್‌ಆರ್‌ಜಿಬಿ ಮೋಡ್ ಸಾಕು, ನನ್ನ ಪ್ರಕಾರ ಹತ್ತರಲ್ಲಿ ಎಂಟು ಮಂದಿಗೆ ಅದೇ ಸರಿ. ಒಂದು ಕಿರಿಕಿರಿ ಇದೆ: ಕೆಲವು ಮಾನಿಟರ್‌ಗಳು ಈ ಮೋಡ್‌ನಲ್ಲಿ ಬ್ರೈಟ್‌ನೆಸ್ ಲಾಕ್ ಮಾಡಿಬಿಡುತ್ತವೆ. ಆಗ ಕಸ್ಟಮ್ ಮೋಡ್‌ಗೆ ಬಂದು 6500ಕೆ (ಬಿಳಿಯ ಛಾಯೆ), ಗಾಮಾ 2.2 (ಕಪ್ಪಿನಿಂದ ಬಿಳಿಗೆ ಬೆಳಕು ಏರುವ ರೀತಿ) ಇಟ್ಟುಕೊಳ್ಳಿ, ಬ್ರೈಟ್‌ನೆಸ್ ಇಳಿಸಿ. ಡಬ್ಬಿಯಿಂದ ತೆಗೆದಾಗ ಇರುವ ಬೆಳಕು ಎಡಿಟಿಂಗ್‌ಗೆ ಸಾಮಾನ್ಯವಾಗಿ ತೀರಾ ಜಾಸ್ತಿ. ಅಳೆಯುವ ಸಾಧನ ಇದ್ದರೆ 120 ನಿಟ್ಸ್ (ಪರದೆಯ ಬೆಳಕಿನ ಅಳತೆ) ಆಸುಪಾಸಿಗೆ ತನ್ನಿ.

ಆಮೇಲೆ ವಿಂಡೋಸ್. ಸ್ಟಾರ್ಟ್‌ನಲ್ಲಿ ಕಲರ್ ಮ್ಯಾನೇಜ್‌ಮೆಂಟ್ ಅಂತ ಹುಡುಕಿ ತೆರೆಯಿರಿ. ಡಿವೈಸಸ್ ಟ್ಯಾಬ್‌ನಲ್ಲಿ ಹೊರಗಿನ ಮಾನಿಟರ್ ಆರಿಸಿ. ಯಾವುದು ಯಾವುದೆಂದು ಗೊಂದಲವಾದರೆ ‘ಐಡೆಂಟಿಫೈ ಮಾನಿಟರ್ಸ್’ ಒತ್ತಿ, ಪರದೆಯ ಮೇಲೆ ನಂಬರ್ ಬರುತ್ತದೆ. ‘ಯೂಸ್ ಮೈ ಸೆಟ್ಟಿಂಗ್ಸ್ ಫಾರ್ ದಿಸ್ ಡಿವೈಸ್’ಗೆ ಟಿಕ್ ಹಾಕಿ, ಆ್ಯಡ್ ಒತ್ತಿ, ಎಸ್‌ಆರ್‌ಜಿಬಿ ಸೇರಿಸಿ ಡಿಫಾಲ್ಟ್ ಮಾಡಿ. ಮಾನಿಟರ್ ಎಸ್‌ಆರ್‌ಜಿಬಿ ಮೋಡ್‌ನಲ್ಲಿದ್ದರೆ ಮಾತ್ರ ಇದು ನಿಜ ಹೇಳಿದಂತೆ. ಪಿ3ಯಂಥ ಅಗಲ ಬಣ್ಣದ ಮೋಡ್‌ನಲ್ಲೋ ಮೇಲೆ ಹೇಳಿದ ಕಸ್ಟಮ್ ಮೋಡ್‌ನಲ್ಲೋ ಇಡುತ್ತೀರಾದರೆ ಕಂಪನಿ ಕೊಟ್ಟ ಪ್ರೊಫೈಲ್ ಅಥವಾ ಅಳೆದು ಮಾಡಿದ್ದೇ ಬೇಕು. ಮ್ಯಾಕ್‌ನಲ್ಲಿ ಸಿಸ್ಟಮ್ ಸೆಟ್ಟಿಂಗ್ಸ್, ಡಿಸ್‌ಪ್ಲೇಸ್, ಕಲರ್ ಪ್ರೊಫೈಲ್. ಗೊತ್ತಾಗದಿದ್ದರೆ ಮಾನಿಟರ್‌ನ ಹೆಸರೇ ಇರುವುದನ್ನು ಮುಟ್ಟದೆ ಬಿಡಿ.

ಫೋಟೊ ವ್ಯೂವರ್‌ನಲ್ಲಿ ಬಿಳಿ ಹಿನ್ನೆಲೆ ಮಾತ್ರ ಹಳದಿ, ಬ್ರೌಸರ್‌ನಲ್ಲಿ ಅದೇ ಚಿತ್ರ ಸರಿ ಅನ್ನೋ ದೂರು ಕೇಳಿರುತ್ತೀರಿ. ಬಹಳ ಸಲ ಮಾನಿಟರ್ ಕೆಟ್ಟಿರುವುದಿಲ್ಲ, ಡ್ರೈವರ್ ಜೊತೆ ಬಂದ ಪ್ರೊಫೈಲ್ ಕೆಟ್ಟಿರುತ್ತದೆ. ಅದನ್ನು ತೆಗೆದು ಎಸ್‌ಆರ್‌ಜಿಬಿ ಹಾಕಿದರೆ ಹೋಗುತ್ತದೆ. ಎಲ್ಲ ಕಡೆಯೂ ಹಳದಿಯಾದರೆ ನೈಟ್ ಲೈಟ್ (ರಾತ್ರಿ ಹೊತ್ತು ಪರದೆಯನ್ನು ಹಳದಿ ಮಾಡುವ ಸೆಟ್ಟಿಂಗ್) ಆನ್ ಇದೆಯೇ ನೋಡಿ, ನಗಬೇಡಿ, ಎಷ್ಟೋ ಸಲ ಅದೇ ಆಗಿರುತ್ತದೆ. ಕಪ್ಪು ಕಪ್ಪಾಗಿರದೆ ಬೂದಿ ಬಣ್ಣವಾಗಿ ಕಂಡರೆ ಪ್ರೊಫೈಲ್ ಬದಲಿಸಿ ಪ್ರಯೋಜನವಿಲ್ಲ. ಎಚ್‌ಡಿಎಂಐನಲ್ಲಿ ಗ್ರಾಫಿಕ್ಸ್ ಕಾರ್ಡ್ ಮಾನಿಟರನ್ನು ಟಿವಿ ಅಂದುಕೊಂಡು 0ಯಿಂದ 255ರ ಬದಲು 16ರಿಂದ 235ರವರೆಗೆ ಮಾತ್ರ ಕಳಿಸುತ್ತಿರುತ್ತದೆ. ಕಾರ್ಡಿನ ಸೆಟ್ಟಿಂಗ್ಸ್‌ನಲ್ಲಿ ಡೈನಾಮಿಕ್ ರೇಂಜ್ ಫುಲ್ ಮಾಡಿ.

ಅದೇ ಮಾಡೆಲ್‌ಗೆ ಬೇರೆಯವರು ಅಳೆದ ಐಸಿಸಿ ಫೈಲ್ (ಪ್ರೊಫೈಲ್ ಫೈಲೇ ಅದು) ಇಳಿಸಿಕೊಳ್ಳುವುದು ಪಕ್ಕದ ಮನೆಯವರ ಕನ್ನಡಕ ಹಾಕಿಕೊಂಡಂತೆ. ಒಂದೇ ಮಾಡೆಲ್‌ನ ಎರಡು ಪ್ಯಾನೆಲ್‌ಗಳು ಒಂದೇ ಥರ ಇರುವುದಿಲ್ಲ. ದುಡ್ಡು ತೆಗೆದುಕೊಂಡು ಬಣ್ಣದ ಕೆಲಸ ಮಾಡುವವರು ಪರದೆಯ ಬಣ್ಣ ಅಳೆಯುವ ಕಲರಿಮೀಟರ್ ಬಾಡಿಗೆಗಾದರೂ ತನ್ನಿ. ಮಾನಿಟರ್ ಅರ್ಧ ಗಂಟೆ ಆನ್ ಇದ್ದು ಬಿಸಿಯಾದ ಮೇಲೆ ಅಳೆಯಿರಿ. ಅಳೆದ ಮೇಲೆ ಮೋಡ್ ಅಥವಾ ಬ್ರೈಟ್‌ನೆಸ್ ಮುಟ್ಟಿದರೆ ಆ ಅಳತೆ ನಿಲ್ಲುವುದಿಲ್ಲ, ಅದಕ್ಕೇ ಫೈಲ್‌ನ ಹೆಸರಿನಲ್ಲೇ ಮೋಡ್, ಬ್ರೈಟ್‌ನೆಸ್, ತಾರೀಖು ಮೂರನ್ನೂ ಬರೆದಿಡಿ.